ಮಂಗಳವಿಲ್ಲದ ಕಥೆಗಳ ಮಾಸ್ತರರು

ಶಿಕ್ಷಕರ ಕೊಠಡಿಗೆ ಬಂದವರೇ ಅವರು ಕೈಯಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲೆ ಬೋರಲಾಗಿ ಇಡುತ್ತಿದ್ದರು. ಅದು ಸಾಮಾನ್ಯವಾಗಿ ಅಮೆರಿಕದಲ್ಲಿ ಅಚ್ಚಾದ, ಕಾಗದ ಹಳದಿಗಟ್ಟಿದ, ಅಗ್ಗದ ಕಾದಂಬರಿಯಾಗಿರುತ್ತಿತ್ತು. ಒಂದು ಪಿಸ್ತೂಲು, ಒಂದು ಮದ್ಯದ ಬಾಟಲಿ, ಮೈಗೆ ವಸ್ತ್ರ ಸಾಲದ ಒಬ್ಬ ಹೆಂಗಸು, ಈ ಮೂರರಲ್ಲಿ ಎರಡಾದರೂ ಮುಖಪುಟದ ಮೇಲೆ ಇರಲೇಬೇಕು. ಮೇಜಿನ ಆಚೆಯ ಬದಿಯಲ್ಲಿ ತ್ರಿಪುಂಡ್ರ ಧರಿಸಿ ಕುಳಿತ ನನ್ನ ಕಣ್ಣಿಗೆ ಅದು ಬೀಳಬಾರದೆಂಬ ಸಂಕೋಚ ಅವರದು. ಸಿರುಗುಪ್ಪದ ಆ ಪ್ರೌಢಶಾಲೆಯಲ್ಲಿ ನಾನು ಕನ್ನಡ ಸಂಸ್ಕೃತಗಳ ಪಂಡಿತ, ಅವರು ಇಂಗ್ಲಿಷಿನ ಮಾಸ್ತರರು. ಹನ್ನೊಂದು ವರ್ಷ ಒಂದೇ ಮೇಜನ್ನು ಹಂಚಿಕೊಂಡೆವು.

"ಶಾಸ್ತ್ರಿಗಳ, ಇದು ನೀವು ನೋಡೋ ಚಿತ್ರ ಅಲ್ಲ. ಆದ್ರ ಒಳಗಿರೋದು ನೀವು ಕೇಳೋ ಕಥೀನ," ಎಂದು ಮೊದಲ ವರ್ಷವೇ ಹೇಳಿದ್ದರು.

ನಾನು ನಂಬಿರಲಿಲ್ಲ. ರಂಗದ ಮೇಲೆ ಮರಣವನ್ನು ತೋರಿಸಬಾರದು, ಶುಭ ಕೋರುವ ಭರತವಾಕ್ಯವಿಲ್ಲದೆ ನಾಟಕ ಮುಗಿಯಬಾರದು ಎಂಬ ನಿಯಮಗಳನ್ನು ಬಾಲ್ಯದಲ್ಲೇ ಗುರುಗಳ ಪಾದದ ಬಳಿ ಕುಳಿತು ಕಲಿತವನು ನಾನು. ಕೊಲೆ, ಕುಡಿತ, ಜಾರತನಗಳ ಪುಸ್ತಕದಲ್ಲಿ ಕೇಳುವುದೇನಿದೆ ಎಂಬ ತಾತ್ಸಾರ ನನ್ನಲ್ಲಿತ್ತು. ಅದನ್ನು ಅವರು ಬಲ್ಲರು. ಬಲ್ಲರೆಂದು ತೋರಗೊಡಲಿಲ್ಲ.

ಅವರ ಮನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಒಂದು ಕಡೆ ವೆಲ್ಡಿಂಗ್ ಅಂಗಡಿ, ಇನ್ನೊಂದು ಕಡೆ ದರ್ಜಿಯ ಅಂಗಡಿ. ತಂದೆ ತಗಡಿನ ಟ್ರಂಕು ಮಾಡುತ್ತಿದ್ದವರು. ಆ ತಂದೆಯ ಕೈಯ ಟ್ರಂಕೊಂದನ್ನು ಹಿಡಿದು ಪ್ರತಿ ಬೇಸಿಗೆಯಲ್ಲೂ ಮದ್ರಾಸಿಗೆ ಹೋಗಿ, ಅಲ್ಲಿನ ಹಾದಿಬದಿಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ವಾರವಿಡೀ ಹೆಕ್ಕಿ, ತುಂಬಿಕೊಂಡು ಬರುತ್ತಿದ್ದರು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಇಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದೆವು. ಕುರುಗೋಡಿನಲ್ಲಿ ನಾನು ಇಳಿಯುವ ತನಕ ಅವರು ಕಥೆ ಹೇಳುವರು, ನಾನು ಕಿಟಕಿಯಾಚೆಯ ಭತ್ತದ ಗದ್ದೆಗಳನ್ನು ನೋಡುತ್ತಾ ಕೇಳಿಸಿಕೊಳ್ಳದವನಂತೆ ಕೇಳಿಸಿಕೊಳ್ಳುವೆನು.

ವಿಯೆಟ್ನಾಮ್ ಎಂಬ ದೇಶದಲ್ಲಿ ಅಮೆರಿಕದವರು ವರ್ಷಗಟ್ಟಲೆ ಯುದ್ಧ ಮಾಡಿ, ಗೆಲ್ಲಲಾರದೆ ಮರಳಿದ ಮೇಲೆ ಅಮೆರಿಕದ ಪತ್ತೇದಾರಿ ಕಾದಂಬರಿಯ ಸ್ವರೂಪವೇ ಬದಲಾಯಿತೆಂಬುದು ಅವರ ಪಾಠ. ಅದಕ್ಕೆ ಮುಂಚೆ ಕೊಲೆಯಾಗುವುದು, ಚತುರನೊಬ್ಬ ಪತ್ತೆಮಾಡುವುದು, ಅಪರಾಧಿಯ ಕೈಗೆ ಕೋಳ ಬೀಳುವುದು, ಊರು ಮತ್ತೆ ಊರಾಗುವುದು.

"ಆಮ್ಯಾಲ ಹಂಗ ಸಲೀಸಾಗಿ ಮುಗಸಾಕ ಆಗಲಿಲ್ಲ ಶಾಸ್ತ್ರಿಗಳ. ಸಿಪಾಯಿ ಮನಿಗೆ ಬಂದ್ರ, ವೈರಿ ಅವನಿಗಿಂತ ಮೊದಲ ಬಂದು ಕುಂತಾನ. ಊರಾಗಿನ ದೊಡ್ಡ ಮನುಷ್ಯಾನ ಆಗ್ಯಾನ. ಕೊಂದವ್ನು ಯಾರು ಅಂತ ಮೊದಲ್ನೇ ಪುಟದಾಗ ಊರಿಗೆಲ್ಲಾ ಗೊತ್ತಿರ್ತೈತಿ. ಹೇಳವ್ರು ಯಾರು ಅಂಬೋದ ಪ್ರಶ್ನೆ."

ಆ ದಿನ ನಾನು ಕಿಟಕಿಯಿಂದ ಮುಖ ತಿರುಗಿಸಿದೆ. ನಮ್ಮ ಪುರಾಣಗಳಲ್ಲಿಯೂ ಯುದ್ಧ ಗೆದ್ದವರೇ ಹೆಣಗಳ ನಡುವೆ ಕುಳಿತು ಅತ್ತಿದ್ದಾರೆ, ರಾಜ್ಯ ಬೇಡವೆಂದಿದ್ದಾರೆ ಎಂದೆ. ಅವರ ಮುಖ ಅರಳಿದ ಬಗೆಯನ್ನು ಹೇಗೆ ವರ್ಣಿಸಲಿ! ಅಷ್ಟು ವರ್ಷ ಒಬ್ಬರೇ ಮಾತಾಡಿದವರಿಗೆ ಎದುರಿನಿಂದ ಒಂದು ಉತ್ತರ ಬಂದಿತ್ತು.

"ಯುದ್ಧ ಮುಗೀತು ಅಂತ ಸಾರವ್ರು ಯಾವಾಗ್ಲೂ ಯುದ್ಧಕ್ಕ ಹೋಗದವ್ರ," ಎಂದು ಹೇಳಿ, ಕುರುಗೋಡು ಬಂದರೂ ನನ್ನ ಕೈ ಬಿಡದೆ, ಕಂಡಕ್ಟರನಿಂದ ಬೈಸಿಕೊಂಡರು.

ನಿವೃತ್ತರಾದ ಮೇಲೆ ನಾನು ಕುರುಗೋಡಿನಲ್ಲಿ ಶ್ರಾವಣ ಮಾಸದ ಪುರಾಣ ಪ್ರವಚನಕ್ಕೆ ಪೂರ್ಣವಾಗಿ ನಿಂತೆ. ಅವರು ಕೌಲ್ ಬಜಾರಿನ ತಮ್ಮ ಮನೆಯ ಕಟ್ಟೆಯ ಮೇಲೆ ಇನ್ನೊಂದು ಬಗೆಯ ಪುರಾಣವನ್ನು ಆರಂಭಿಸಿದರು. ಗಣಿಯ ಅಬ್ಬರದ ವರ್ಷಗಳವು. ಅದಿರಿನ ಲಾರಿಗಳು ಸಾಲು ಕಡಿಯದೆ ಹರಿಯುತ್ತಿದ್ದವು, ಕೆಂಪು ಧೂಳಿನಡಿ ಮರಗಳ ಎಲೆ ಹಸಿರೆಂಬುದು ಮರೆತುಹೋಗಿತ್ತು. ಬೆಳಿಗ್ಗೆ ಒಣಗಹಾಕಿದ ಮಡಿಬಟ್ಟೆ ಸಂಜೆಯೊಳಗೆ ಕಾವಿಯಾಗುತ್ತಿತ್ತು. "ನಮ್ಮೂರಾಗ ಸನ್ಯಾಸ ಕೊಡಾಕ ಗುರು ಬೇಕಾಗಿಲ್ಲ, ಲಾರಿ ಸಾಕು," ಎಂದು ಅವರು ನಗುವರು.

ಭಾನುವಾರಗಳಂದು ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ, ಸೂರ್ಯಾಸ್ತದ ಮಗ್ರಿಬ್‌ನ ಬಾಂಗು ಆಗುವುದರೊಳಗೆ ಕಥೆ. ಪಕ್ಕದ ದರ್ಜಿ, ವೆಲ್ಡರ್, ಆಟೋದವರು ಇಬ್ಬರು ಮೂವರು, ನಡುವೆ ಒಂದು ಪರಾತದಲ್ಲಿ ಒಗ್ಗರಣೆ ಮಂಡಕ್ಕಿ. ಒಂದು ಕಾದಂಬರಿಗೆ ನಾಲ್ಕು ಭಾನುವಾರ ಹಿಡಿಯುತ್ತಿತ್ತು. ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು, ಇಂಗ್ಲಿಷನ್ನು ಕಣ್ಣಿನಲ್ಲಿ ಓದುತ್ತಾ ಬಳ್ಳಾರಿಯ ಕನ್ನಡವನ್ನು ಬಾಯಲ್ಲಿ ಆಡುತ್ತಾ ಹೋಗುವರು. ಐದನೆಯ ಭಾನುವಾರ ಅದೇ ಕಾದಂಬರಿಯಿಂದ ತೆಗೆದ ಸಿನಿಮಾವನ್ನು ಡಿವಿಡಿಯಲ್ಲಿ ಹಾಕಿ, ನಡುನಡುವೆ ನಿಲ್ಲಿಸಿ ಅರ್ಥ ಹೇಳುವರು. ಅದು ಮುಗಿದ ಮೇಲೆ ಪಂಚಾಯಿತಿ. ಸಿನಿಮಾದವನು ಪುಸ್ತಕಕ್ಕೆ ನ್ಯಾಯ ಮಾಡಿದನೋ ಅನ್ಯಾಯವೋ ಎಂಬುದು ತೀರ್ಮಾನವಾಗದೆ ಯಾರೂ ಏಳುವಂತಿರಲಿಲ್ಲ. ಅದು ಅವರ ಕಟ್ಟೆಯ ಕಟ್ಟಳೆ.

"ಸಾಬ್, ಪುಸ್ತಕದಾಗ ಆಕಿ ಮೋಸಗಾತಿ ಅಂದಿದ್ರಿ. ಇಲ್ಲಿ ನೋಡಿದ್ರ ಕುಂತು ಅಳಾಕತ್ತಾಳ!" ಎಂದು ದರ್ಜಿ ಒಮ್ಮೆ ತಕರಾರು ತೆಗೆದ.

"ಸಿನಿಮಾದಾಗ ಆಕಿ ಹೀರೋಯಿನ್ ಲೇ," ಎಂದ ವೆಲ್ಡರ್. "ಅಷ್ಟು ಚೆಂದ ಇದ್ದಾಕಿ ಮೋಸ ಮಾಡಿದ್ರ ನೀ ಮುಂದಿನ ವಾರ ಟಿಕೇಟ್ ತಗೋತಿಯೇನು?"

"ನಾ ಯಾವಾಗ ಟಿಕೇಟ್ ತಗೊಂಡೀನಿ? ಸಾಬ್ ಪುಕ್ಕಟೆ ತೋರಿಸ್ತಾರ."

"ಅದಕ್ಕ ನಿನ್ನ ಮಾತಿಗೆ ಕಿಮ್ಮತ್ತಿಲ್ಲ. ಮಂಡಕ್ಕಿ ತಿನ್ನು."

ಮಾಸ್ತರರು ಅವರ ಜಗಳ ಆರುವವರೆಗೆ ಕಾದು, ತಮ್ಮ ತೀರ್ಪು ಹೇಳುವರು. "ಪುಸ್ತಕ ಒಬ್ಬನ ಎದಿಯೊಳಗ ಕುಂತು ಹೇಳ್ತೈತಿ. ಸಿನಿಮಾ ಎದುರು ಮನಿ ಕಟ್ಟಿ ಮ್ಯಾಲ ಕುಂತು ನೋಡ್ತೈತಿ. ಎದುರು ಮನಿಯವ್ರಿಗೆ ಹೋಗಿದ್ದು ಬಂದಿದ್ದು ಕಾಣ್ತೈತಿ. ಯಾಕ ಹೋದ ಅಂಬೋದು ಕಾಣಂಗಿಲ್ಲ." ಆದರೆ ಸಿನಿಮಾವನ್ನು ಹಳಿಯುವವರಲ್ಲ. ಯುದ್ಧದಿಂದ ಮರಳಿದವನೊಬ್ಬ ನಲ್ಲಿಯ ಕೆಳಗೆ ಕೈ ತೊಳೆಯುತ್ತಲೇ ಇರುವ, ಮಾತಿಲ್ಲದ ಒಂದು ದೃಶ್ಯವನ್ನು ಮೂರು ಸಲ ಹಿಂದಕ್ಕೆ ಓಡಿಸಿ ತೋರಿಸಿ, "ಇಪ್ಪತ್ತು ಪುಟ ಈ ಒಂದು ನಲ್ಲ್ಯಾಗ ಹರದು ಹೋದ್ವು, ನೋಡ್ರಿ" ಎಂದು ತಲೆದೂಗಿದ್ದನ್ನು ನಾನೇ ಕಂಡಿದ್ದೇನೆ. ಒಂದನ್ನು ಮಾತ್ರ ಅವರು ಕ್ಷಮಿಸುತ್ತಿರಲಿಲ್ಲ. ಪುಸ್ತಕದ ಕೊನೆಯಲ್ಲಿ ಸತ್ತವನನ್ನು ಸಿನಿಮಾದಲ್ಲಿ ಬದುಕಿಸುವುದು ಅವರ ದೃಷ್ಟಿಯಲ್ಲಿ ಪಾಪ. "ಸತ್ತವ್ನಿಗೆ ಮಾಡೋ ಅವಮಾನ ಅದು," ಎನ್ನುವರು. ಆದ್ದರಿಂದಲೇ ಪುಸ್ತಕದ ಕೊನೆಯನ್ನು ಹೇಳದೆ ಅವರು ಎಂದೂ ಸಿನಿಮಾ ಹಾಕಿದವರಲ್ಲ.

ನನ್ನ ಪುರಾಣಕ್ಕೂ ಅವರು ಬರುತ್ತಿದ್ದರು. ದೇವಸ್ಥಾನದ ಹೊರಗಿನ ಕಂಬಕ್ಕೆ ಒರಗಿ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುವರು. ಒಂದು ಸಂಜೆ ಒಬ್ಬ ಶರಣನ ಮರಣದ ಪ್ರಸಂಗದಲ್ಲಿ ವೇಳೆ ಮುಗಿಯಿತು. ನಾನು ನಿಲ್ಲಿಸದೆ, ಮುಂದಿನ ಸಂಧಿಯ ಶಿಶುಜನನದವರೆಗೆ ಓದಿ, ಮಂಗಳ ಹಾಡಿಸಿ ಗ್ರಂಥ ಕಟ್ಟಿದೆ. ಮರುದಿನ ಕಾರಣ ಕೇಳಿದರು. ಹೆಣ ಬಿದ್ದಲ್ಲಿ ಗ್ರಂಥ ಮುಚ್ಚಬಾರದು, ಕೇಳಿದವರು ಅದನ್ನೇ ಹೊತ್ತು ಮನೆಗೆ ಹೋಗುತ್ತಾರೆ ಎಂದೆ.

"ಹಂಗಾರ ನಮ್ಮ ಕಟ್ಟಿಯಿಂದ ತಿಂಗಳಿಗೊಂದು ಹೆಣ ಹೊತಗೊಂಡು ಹೋಗ್ತಾರಲ್ರಿ ಜನ!" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಹೊರಬೇಕು ಶಾಸ್ತ್ರಿಗಳ. ಯಾರರ ಹೊರಬೇಕಲ್ಲ," ಎಂದರು.

ಅವರ ತಮ್ಮನ ವಿಷಯವನ್ನು ಇಲ್ಲಿ ಹೇಳಬೇಕು. ತಮ್ಮನೆಂದರೆ ಅವರಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ತಂದೆ ತೀರಿಕೊಂಡ ಮೇಲೆ ಇವರ ಹೆಗಲ ಮೇಲೆ ಬೆಳೆದವನು. ಸಂಗನಕಲ್ಲಿನ ಗುಡ್ಡಕ್ಕೆ ಕರೆದೊಯ್ದು, ಬಡಿದರೆ ಘಂಟೆಯಂತೆ ನಾದಗೊಡುವ ಬಂಡೆಗಳನ್ನು ತೋರಿಸಿ, "ಕಲ್ಲು ಸೈತ ಬಡದ್ರ ಖರೇ ದನಿ ಕೊಡ್ತೈತಿ, ನೀ ಮನುಷ್ಯಾ ಅದೀಯಲೇ" ಎಂದು ಕಲಿಸಿದ್ದನ್ನು ಅವರೇ ಹೆಮ್ಮೆಯಿಂದ ಹೇಳುತ್ತಿದ್ದರು. ಆತ ಸೈನ್ಯಕ್ಕೆ ಸೇರಿ, ಗಡಿಯಲ್ಲಿ ಹದಿನೇಳು ವರ್ಷ ಕಳೆದು, ಮಾತು ಕಡಿಮೆಯಾಗಿ ಮರಳಿದ್ದ. ಊರಾಚೆಯ ಒಂದು ಅದಿರಿನ ಯಾರ್ಡಿನಲ್ಲಿ ಗೇಟಿನ ಕಾವಲು ಕೆಲಸ. ಕಟ್ಟೆಯ ತುದಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಗಲ್ಲಿಯ ಎರಡು ಬಾಯಿಗಳೂ ಕಾಣುವಂತೆ ಕುಳಿತು ಕಥೆ ಕೇಳುತ್ತಿದ್ದ. ಅಣ್ಣನ ಕಥೆಗಳಲ್ಲಿನ ಸಿಪಾಯಿಗಳನ್ನು ಕುರಿತು ಆತ ಆಡಿದ್ದನ್ನು ನಾನು ಕೇಳಿದ್ದು ಒಂದೇ ಮಾತು: "ಭಾಯ್, ಇವ್ರು ಯಾಕ ಇಷ್ಟು ಮಾತಾಡ್ತಾರ?"

ಒಂದು ಮಧ್ಯಾಹ್ನ ಆ ಯಾರ್ಡಿನಲ್ಲಿ ಅದಿರು ಜರಡಿ ಹಿಡಿಯುತ್ತಿದ್ದ ಹೆಂಗಸೊಬ್ಬಳು, ಹಿಂದಕ್ಕೆ ಬಂದ ಯಂತ್ರದ ಗಾಲಿಗೆ ಸಿಕ್ಕಿ ಸತ್ತಳು. ಯಂತ್ರದ ಮೇಲಿದ್ದವನು ಮಾಲೀಕನ ಅಕ್ಕನ ಮಗ. ಮೋಜಿಗೆ ಹತ್ತಿ ಕುಳಿತವನು. ಆದರೆ ಠಾಣೆಗೆ ಹೋಗಿ ಶರಣಾದವನು ಸಿರುಗುಪ್ಪದ ಕಡೆಯ ಒಬ್ಬ ಬಡ ಡ್ರೈವರ್. ಇದಕ್ಕೆ ಆ ಕಾಲದಲ್ಲಿ 'ಹೆಸರು ಕೊಡುವುದು' ಎನ್ನುತ್ತಿದ್ದರು. ಒಬ್ಬನು ಮಾಡಿದ್ದಕ್ಕೆ ಇನ್ನೊಬ್ಬನು ಹೆಸರು ಕೊಡುತ್ತಿದ್ದ. ಗೇಟಿನಲ್ಲಿ ನಿಂತು ಎಲ್ಲವನ್ನೂ ಕಂಡವನು ಮಾಸ್ತರರ ತಮ್ಮ. ಡ್ರೈವರನ ಹೆಂಡತಿ ದಿನವೂ ಬಂದು ಗೇಟಿನ ಹೊರಗೆ, ಏನೂ ಕೇಳದೆ, ನಿಂತು ಹೋಗುತ್ತಿದ್ದಳಂತೆ. "ನೀ ಗೇಟಿನ್ಯಾಗ ಇದ್ದಿ, ಗೇಟ್ ನೋಡಿದಿ. ಅಷ್ಟ," ಎಂದು ಮಾಲೀಕನ ಕಡೆಯವರು ಹೇಳಿ ಹೋಗಿದ್ದರು. ತಿಂಗಳೊಳಗೆ ವಿಚಾರಣೆಗೆ ಮೇಲಿನ ಅಧಿಕಾರಿಯೊಬ್ಬರು ಬರುವವರಿದ್ದರು. ಆತ ಅವರ ಮುಂದೆ ನಿಜ ಹೇಳುವನೋ ಇಲ್ಲವೋ ಎಂಬುದು ಅಣ್ಣನ ಎದೆಯ ಮೇಲಿನ ಬಂಡೆಯಾಗಿತ್ತು. ಹೇಳಿದರೆ ತಮ್ಮ ಉಳಿಯುವುದಿಲ್ಲವೆಂದು ಅವರಿಗೆ ಖಚಿತವಾಗಿತ್ತು.

ಇದೊಂದೂ ನನಗಾಗ ಗೊತ್ತಿರಲಿಲ್ಲ. ಮಾಸ್ತರರು ಬಾಯಿಬಿಟ್ಟು ಹೇಳಿಕೊಂಡದ್ದು ಪಕ್ಕದ ವೆಲ್ಡರನ ಬಳಿ ಮಾತ್ರ. "ಸಣ್ಣವ ಇದ್ದಾಗಿಂದ ಖರೇ ಹೇಳು ಅಂತ ಬೆಳೆಸೀನಿ. ಈಗ ಯಾವ ಬಾಯಿಲೆ ಸುಮ್ಮನಿರು ಅನ್ನಲಿ?" ಎಂದಿದ್ದರಂತೆ. ಬಾಯಿಗೆ ಬಾರದ್ದನ್ನು ಕಥೆಯ ಮೂಲಕ ಹೇಳಲು ಹೊರಟರು. ಟ್ರಂಕಿನಿಂದ ಒಂದು ಕಾದಂಬರಿಯನ್ನು ಆರಿಸಿ ತೆಗೆದರು. ವಿಯೆಟ್ನಾಮಿನಿಂದ ಮರಳಿದ ಸಿಪಾಯಿಯೊಬ್ಬ ನದಿಯ ದಂಡೆಯ ಮರದ ಅಡ್ಡೆಯಲ್ಲಿ ಕಾವಲಿಗಿರುತ್ತಾನೆ. ಅಡ್ಡೆಯ ಒಡೆಯ, ತನ್ನ ಬಾಲ್ಯದ ಗೆಳೆಯ, ಕೊಲೆ ಮಾಡಿದ್ದನ್ನು ಕಾಣುತ್ತಾನೆ. ಊರೆಲ್ಲ ಬಲ್ಲದ್ದನ್ನು ಅವನೊಬ್ಬನೇ ಬಾಯಿಬಿಟ್ಟು ಹೇಳುತ್ತಾನೆ. ಪುಸ್ತಕದಲ್ಲಿ ಅವನ ಶವ ತೇಲುವ ದಿಮ್ಮಿಗಳ ನಡುವೆ ಸಿಗುತ್ತದೆ. ಸಿನಿಮಾದಲ್ಲಿ ಅವನು ಬೆಳಗಿನ ಬಸ್ಸು ಹತ್ತಿ ಇನ್ನೊಂದು ಊರಿಗೆ, ಬಿಸಿಲಿಗೆ ಮುಖವೊಡ್ಡಿ, ಹೊರಟುಹೋಗುತ್ತಾನೆ. ಆ ಶವವನ್ನು ತಮ್ಮ ಕಾಣಲಿ, ಕಂಡು ಹೆದರಲಿ ಎಂಬುದಷ್ಟೇ ಅಣ್ಣನ ಆಸೆ. ಮೂರು ಭಾನುವಾರ ಕಥೆ ನಡೆಯಿತು. ವಿಚಾರಣೆಯ ಅಧಿಕಾರಿ ಬರುವುದು ನಾಲ್ಕನೆಯ ಭಾನುವಾರದ ಮರುದಿನ.

ಆ ನಾಲ್ಕನೆಯ ಭಾನುವಾರ ನಾನು ಬಳ್ಳಾರಿಗೆ ಹೋಗಿದ್ದೆ. ಶ್ರಾವಣ. ಪುರಾಣದ ಗ್ರಂಥಕ್ಕೆ ಸುತ್ತುವ ರೇಷ್ಮೆಯ ವಸ್ತ್ರವನ್ನು ಪ್ರತಿವರ್ಷ ಹೊಲಿದುಕೊಡುತ್ತಿದ್ದವನು ಮಾಸ್ತರರ ಪಕ್ಕದ ಆ ದರ್ಜಿಯೇ. ವಸ್ತ್ರವನ್ನು ಮಡಿಸಿ ನನ್ನ ಕೈಗಿಟ್ಟು, "ಅಯ್ಯನೋರ, ಇವತ್ತು ಕಡೀ ಕಥಿ. ಕೇಳಿ ಹೋಗ್ರಿ" ಎಂದ. ಕಟ್ಟೆಯ ಮೇಲೆ ನನಗೊಂದು ಕುರ್ಚಿ ಹಾಕಿದರು. ಒಳಗಿನಿಂದ ಮಾಸ್ತರರ ಹೆಂಡತಿ, ನನಗೆಂದೇ ಬೇರೆ ಇಟ್ಟಿದ್ದ ಸ್ಟೀಲಿನ ಲೋಟದಲ್ಲಿ ಹಾಲು ಕಳಿಸಿದರು.

ಮಾಸ್ತರರು ನನ್ನನ್ನು ಕಂಡು ಯಾವತ್ತಿನಂತೆ ಸಂತೋಷಪಡಲಿಲ್ಲ. ಬಳಿಗೆ ಬಂದು ಮೆಲುದನಿಯಲ್ಲಿ, "ಶಾಸ್ತ್ರಿಗಳ, ಇವತ್ತು ಕಥಿ ಸಾವಿನಾಗ ಮುಗೀತೈತಿ. ಸಿನಿಮಾದವ್ರು ಬದುಕಿಸ್ಯಾರ, ಪುಸ್ತಕದಾಗ ಹಂಗಿಲ್ಲ. ನೀವು ವ್ರತದಾಗ ಅದೀರಿ. ಎದ್ದು ಹೋದ್ರ ನಂಗೇನೂ ಬ್ಯಾಸರಿಲ್ಲ," ಎಂದರು.

ಪುರಾಣ ನಡೆಯುವ ತಿಂಗಳು ಪುರಾಣಿಕನಾದವನು ಅಶುಭವನ್ನು ಕೇಳಿ ಪೀಠವೇರಬಾರದು. ಆ ಸಂಜೆಯೇ ನಾನು ಕುರುಗೋಡಿನಲ್ಲಿ ಪೀಠವೇರಬೇಕಿತ್ತು. ಎದ್ದು ಹೋಗಬಹುದಿತ್ತು. ಅವರು ಅದನ್ನೇ ಬೇಡುತ್ತಿದ್ದರು. ಆದರೆ ಹತ್ತು ಜನ ಎದ್ದು ನಿಂತು ಕೊಟ್ಟ ಕುರ್ಚಿ, ಹಾಲು, 'ಅಯ್ಯನೋರು ಬಂದಾರ' ಎಂಬ ಸಂಭ್ರಮ. ಮರ್ಯಾದೆಯ ರುಚಿ ಹತ್ತಿದವನಿಗೆ ಏಳುವುದು ಕಷ್ಟ.

"ನಾ ಏಳೂದಿಲ್ಲ ಮಾಸ್ತರ. ನೀವ ಮಂಗಳ ಹೇಳಿ ಎಲ್ಲಾರನ್ನೂ ಏಳಿಸ್ರಿ," ಎಂದೆ. "ಸಿನಿಮಾದಾಗ ಅವ ಹೆಂಗೂ ಬದುಕ್ತಾನ ಅಂತ ನೀವ ಹೇಳಿದ್ರಲ್ಲ. ಒಂದು ದಿನ ಅದನ್ನ ಹೇಳಿದ್ರ ಏನಾಗ್ತೈತಿ?"

ಅವರು ಕಟ್ಟೆಯ ತುದಿಯ ಕಡೆ ನೋಡಿದರು. ಅಲ್ಲಿ ತಮ್ಮನು ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದ. ಆ ನೋಟವನ್ನು ನಾನು ಕಂಡೆ, ಅರ್ಥವಾಗಲಿಲ್ಲ. ಹತ್ತು ಜನರೆದುರು ಕಾರಣವನ್ನು ಬಿಚ್ಚಿಡುವಂತಿರಲಿಲ್ಲ. ಮನೆಗೆ ಬಂದ ಹಿರಿಯನ, ವ್ರತಸ್ಥನ, ಮಾತನ್ನು ತೆಗೆದುಹಾಕುವುದು ಆ ಮನೆಯಲ್ಲಿ ಯಾರೂ ಕಲಿತ ವಿದ್ಯೆಯಾಗಿರಲಿಲ್ಲ. "ಆತ್ರಿ," ಎಂದರು.

ಅಷ್ಟು ಸೊಗಸಾಗಿ ಅವರು ಕಥೆ ಹೇಳಿದ್ದನ್ನು ನಾನು ಕೇಳಿರಲಿಲ್ಲವೆಂದು ಆಗ ನನಗನ್ನಿಸಿತು. ಸಿಪಾಯಿ ನಿಜ ಹೇಳಿದ. ಡ್ರೈವರನ ಬದಲು ಅಲ್ಲಿ ಒಬ್ಬ ಬಡಗಿ ಸೆರೆಯಲ್ಲಿದ್ದ, ಅವನು ಬಿಡುಗಡೆಯಾದ. ಬೆಳಗಾಯಿತು, ಬಸ್ಸು ಬಂತು, ಕಿಟಕಿಯ ಬಳಿ ಸ್ಥಳ ಸಿಕ್ಕಿತು. ಹೇಳುವಾಗ ಅವರು ಒಮ್ಮೆಯೂ ಪುಸ್ತಕವನ್ನು ನೋಡಲಿಲ್ಲ. ಕೇಳಿದವರೆಲ್ಲ "ವಾಹ್" ಎಂದರು. ದರ್ಜಿಯಂತೂ, "ನಾಲ್ಕು ವರ್ಷಕ್ಕ ಒಬ್ಬನಾರ ಉಳದ!" ಎಂದು ಚಪ್ಪಾಳೆ ತಟ್ಟಿದ. ತಮ್ಮ ಎದ್ದು ನಿಂತು, ಅಣ್ಣನ ಮುಖವನ್ನು ನೋಡಿ, ನಕ್ಕ. ಆತ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾನು ತೃಪ್ತನಾಗಿ ಆರು ಗಂಟೆಯ ಬಸ್ಸು ಹಿಡಿದು, ಹೊಸ ವಸ್ತ್ರದಲ್ಲಿ ಗ್ರಂಥವನ್ನು ಸುತ್ತಿ, ಪೀಠವೇರಿದೆ.

ಮರುದಿನ ಬೆಳಿಗ್ಗೆ ತಮ್ಮ, ರಾತ್ರಿ ಪಾಳಿ ಮುಗಿಸಿದವನು, ಮನೆಗೆ ಬಾರದೆ, ಯಾರ್ಡಿನಿಂದ ನೇರವಾಗಿ ಅಧಿಕಾರಿಯ ಬಳಿಗೆ ಹೋಗಿ ಕಂಡದ್ದೆಲ್ಲವನ್ನೂ ಬರೆಸಿ ಸಹಿ ಮಾಡಿದ. ಗುರುವಾರ ನಡುಹಗಲಲ್ಲಿ, ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ, ನಂಬರ್ ಪ್ಲೇಟಿಲ್ಲದ ಒಂದು ಲಾರಿ ಆತನ ಮೇಲೆ ಹರಿಯಿತು. ಅಪಘಾತವೆಂದು ಬರೆದುಕೊಂಡರು. ಯಾರನ್ನು ಬಿಡಿಸಲು ಆತ ಹೋದನೋ ಆ ಡ್ರೈವರ್, ಯಂತ್ರದ ಮೇಲಿದ್ದವನು ತಾನೇ ಎಂದು ನ್ಯಾಯಾಲಯದಲ್ಲಿಯೂ ಹೇಳಿದನಂತೆ. ಅವನನ್ನು ದೂಷಿಸಲು ನನಗೆ ಅಧಿಕಾರವಿಲ್ಲ. ಅವನಿಗೂ ಹೆದರಿಕೆಯಿದ್ದೀತು, ಮನೆಯಿದ್ದೀತು.

ಸತ್ತವನಿಗೆ ಮೂರನೆಯ ದಿನ ಮಾಡುವ ಜಿಯಾರತ್ತಿಗೆ ಹೋದಾಗ ವೆಲ್ಡರ್ ನನ್ನನ್ನು ಗಲ್ಲಿಯಲ್ಲಿ ನಿಲ್ಲಿಸಿ ಎಲ್ಲವನ್ನೂ ಹೇಳಿದ. ಕೊನೆಗೆ, "ಆ ಪುಸ್ತಕ ತಮ್ಮನ ಸಲುವಾಗಿನ ಹಚ್ಚಿದ್ರು ಅಯ್ಯನೋರ. ಹೆದರಿಸಾಕ. ಕಡೀಗೆ ಯಾಕ ತಿರಿವಿ ಹೇಳಿದ್ರೋ, ಏನೋ," ಎಂದ. ಅವನಿಗೆ ಕಾರಣ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆ ತಮ್ಮ ಯಾವ ಕಥೆಯನ್ನೂ ಕೇಳದಿದ್ದರೂ ಹೋಗಿಯೇ ಹೋಗುತ್ತಿದ್ದನೋ ಏನೋ. ಹಾಗೆಂದು ನನಗೆ ನಾನು ಸಾವಿರ ಸಲ ಹೇಳಿಕೊಂಡಿದ್ದೇನೆ. ಆದರೆ ಆ ನಗು ಕಣ್ಣ ಮುಂದೆ ಬಂದಾಗಲೆಲ್ಲ ಆ ಸಮಾಧಾನ ನಿಲ್ಲುವುದಿಲ್ಲ.

ಒಳಗೆ ಮಾಸ್ತರರು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಅಂದಿನಿಂದ ಕಟ್ಟೆಯ ಮೇಲೆ ಕಥೆ ನಿಂತಿತು. ದರ್ಜಿ ಎರಡು ಮೂರು ಭಾನುವಾರ ಮಂಡಕ್ಕಿಯ ಪೊಟ್ಟಣ ಹಿಡಿದು ಬಂದು, ಅದನ್ನು ಅಲ್ಲಿಯೇ ಇಟ್ಟು ಹೋಗುತ್ತಿದ್ದನಂತೆ. ಆಮೇಲೆ ಅವನೂ ಬಿಟ್ಟ.

ಗಣಿಗಳು ನಿಂತವು. ಲಾರಿಗಳು ಹಾದಿಬದಿಯಲ್ಲಿ ತುಕ್ಕು ಹಿಡಿದು ನಿಂತವು. ಧೂಳು ಅಡಗಿ ಎಲೆಗಳು ಮತ್ತೆ ಹಸಿರಾದವು. ಅಷ್ಟು ಹೊತ್ತಿಗೆ ಆ ಧೂಳು ಅವರ ಶ್ವಾಸಕೋಶದಲ್ಲಿ ಮನೆ ಮಾಡಿತ್ತು. ನಾನು ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದೆ. ಶಾಲೆಯ ಹಳೆಯ ಸಂಗತಿಗಳು, ಔಷಧಿ, ಬಸ್ಸಿನ ವೇಳೆ ಇವನ್ನೇ ಮಾತಾಡುವೆವು. ಕೇಳಬೇಕಾದ್ದನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ. ಶ್ರಾವಣ ಬಂದಾಗ ಮಂಗಳದ ಹೊತ್ತಿಗೆ ನಾನು ಹಾಡದೆ ಕಣ್ಣು ಮುಚ್ಚಿ ಕೂರುತ್ತಿದ್ದೆ. ತಬಲಾದವನು ಅದನ್ನು ಭಕ್ತಿಯೆಂದುಕೊಂಡ.

ಕಳೆದ ವರ್ಷ ಕಾರ್ತಿಕದಲ್ಲಿ, ಕೆಂಚನಗುಡ್ಡದ ಬಳಿ ತುಂಗಭದ್ರೆಯನ್ನು ನೋಡಬೇಕೆನಿಸಿದೆ, ಕರೆದುಕೊಂಡು ಹೋಗಿರಿ ಎಂದರು. ಸಿರುಗುಪ್ಪದಲ್ಲಿದ್ದಾಗ ಮಕ್ಕಳನ್ನು ಕರೆದುಕೊಂಡು ನಾವಿಬ್ಬರೂ ಹೋಗುತ್ತಿದ್ದ ಸ್ಥಳ. ವೆಲ್ಡರ್ ಒಂದು ಆಟೋ ಗೊತ್ತುಮಾಡಿದ. ಹೊಳೆಯ ದಂಡೆಯ ಬಂಡೆಯ ಮೇಲೆ ಅವರನ್ನು ಕೂರಿಸಿ ಶಾಲು ಹೊದಿಸಿದೆ. ಬೆಳಗಿನ ಬಿಸಿಲು ಹಿತವಾಗಿತ್ತು. ಅಲ್ಲಿ, ಅಷ್ಟು ವರ್ಷಗಳ ಮೇಲೆ, ನನ್ನ ಬಾಯಿ ಬಿಚ್ಚಿತು.

"ಮಾಸ್ತರ, ಆ ಭಾನುವಾರ ನಿಮ್ಮ ಬಾಯಿಲೆ ಸುಳ್ಳು ಹೇಳಿಸಿದವ ನಾನು. ನಾ ಕುರ್ಚಿ ಬಿಟ್ಟು ಎದ್ದಿದ್ರ ಅವ ಉಳೀತಿದ್ದ."

ಅವರು ಕೆಮ್ಮಿನ ನಡುವೆಯೇ ನಕ್ಕರು. "ಇದನ್ನ ಇಷ್ಟು ವರ್ಷ ಹೊತಗೊಂಡು ತಿರಿಗ್ಯಾಡೀರೇನು? ಹುಚ್ಚರಿ ನೀವು. ಅವ ಡ್ಯೂಟಿಗೆ ಹೊಂಟಾಗ ನಾ ಗಲ್ಲಿ ತುದಿತನಕ ಹೋಗಿ ಸೈಕಲ್ ಹಿಡದು ನಿಲ್ಲಿಸಿದೆ. ಪುಸ್ತಕದಾಗ ಹಂಗಿಲ್ಲಪ್ಪಾ, ಹಿಂಗೈತಿ ಅಂತ ಹೇಳಿದೆ. ಹೊಳಿ, ದಿಮ್ಮಿ, ಹೆಣ, ಎಲ್ಲಾ. 'ಗೊತ್ತಿತ್ತು ಭಾಯ್' ಅಂದ. ಗೊತ್ತಿದ್ದ ಹೋದ ಶಾಸ್ತ್ರಿಗಳ. ನಿಮ್ಮದು ತಪ್ಪಿಲ್ಲ, ನನ್ನದೂ ತಪ್ಪಿಲ್ಲ."

ನಾನು ಅವರ ಕಾಲು ಮುಟ್ಟಹೋದೆ. "ಅಯ್ಯಯ್ಯ, ಏನ್ರಿ ಇದು, ಜಂಗಮರು ನೀವು!" ಎಂದು ಕಾಲು ಎಳೆದುಕೊಂಡರು. ಮನೆಗೆ ಬಂದು ಪೂಜೆಗೆ ಕುಳಿತಾಗ, ಎಷ್ಟೋ ವರ್ಷಗಳ ಮೇಲೆ, ಮಂಗಳವನ್ನು ನಾನೇ ಬಾಯಿಬಿಟ್ಟು ಹಾಡಿದೆ. ಎರಡು ತಿಂಗಳು ನಾನು ಸುಖಿಯಾಗಿದ್ದೆ.

ಪುಷ್ಯದಲ್ಲಿ ಅವರು ತೀರಿಕೊಂಡರು. ನಲವತ್ತನೆಯ ದಿನದ ಫಾತಿಹಾಕ್ಕೆ ಹೋದೆ. ಬಂದವರೆಲ್ಲ ಉಂಡು ಹೋದ ಮೇಲೆ ಅವರ ಹೆಂಡತಿ ನನ್ನ ಲೋಟದಲ್ಲಿ ಹಾಲು ತಂದಿಟ್ಟು, ಬಾಗಿಲ ಚೌಕಟ್ಟಿಗೆ ಒರಗಿ ಕುಳಿತರು. ಗೋಡೆಯ ಬದಿಯಲ್ಲಿ ಟ್ರಂಕುಗಳು ಒಂದರ ಮೇಲೊಂದು ಇದ್ದವು.

"ಮನುಷ್ಯಾ ಆರಾಮ ಹೋದ ಅಣ್ಣಾರ," ಎಂದರು. "ಒಂದ ಮಾತು ಮಾತ್ರ ಕಡೀತನಕ ತಿಂತು. ನನ್ನ ಮೈದುನ ಆ ದಿನ ಕಥಿ ಮುಗಿಯೂದ ತಡ, ಡ್ಯೂಟಿಗೆ ಹೊತ್ತಾತು ಅಂತ ಚಾ ಸೈತ ಕುಡೀದ ಸೈಕಲ್ ಹತ್ತಿದ. ಇವರು ಚಪ್ಪಲಿ ಹುಡುಕೂದ್ರಾಗ ಗಲ್ಲಿ ದಾಟಿದ್ದ. ಮುಂಜಾನೆ ನಾಷ್ಟಾಕ್ಕ ಬರ್ತಾನಲ್ಲ, ಆವಾಗ ಹೇಳ್ತೀನಿ ಅಂತ ಬಂದು ಕುಂತ್ರು. ಬರಲಿಲ್ಲ. 'ಅವನಿಗೆ ಖರೇ ಕೊನಿ ಹೇಳಾಕ ಆಗಲಿಲ್ಲ, ಹೇಳಾಕ ಆಗಲಿಲ್ಲ' ಅಂತ ಸಾಯೋ ಹಿಂದಿನ ದಿನಾನೂ ಅಂದ್ರು. ಯಾಕ ಆ ದಿನ ಬ್ಯಾರೆ ಕೊನಿ ಹೇಳಿದ್ರಿ ಅಂತ ಎಷ್ಟು ಸಲ ಕೇಳೀನಿ. ಒಮ್ಮೀನೂ ಹೇಳಲಿಲ್ಲ. ನಿಮ್ಮ ಮುಂದೇನಾರ ಅಂದಿದ್ರೇನು?"

ಹಾಲಿನ ಲೋಟ ನನ್ನ ಕೈಯಲ್ಲಿತ್ತು. ಹೊಳೆಯ ದಂಡೆಯಲ್ಲಿ ಅವರು ನನಗೆ ಹೇಳಿದ್ದು ನಡೆದದ್ದಲ್ಲ. ಪುಸ್ತಕದಲ್ಲಿಲ್ಲದ ಕೊನೆಯನ್ನು ಅವರು ಜೀವಮಾನದಲ್ಲಿ ಹೇಳಿದ್ದು ಎರಡು ಸಲ. ಎರಡು ಸಲವೂ ನನಗಾಗಿ.

"ಅಂದಿರಲಿಲ್ಲ ತಂಗಿ," ಎಂದೆ. "ಆದ್ರ ಯಾಕ ಅಂಬೋದು ನನಗ ಗೊತ್ತೈತಿ."

ಎಲ್ಲವನ್ನೂ ಹೇಳಿದೆ. ಕುರ್ಚಿ, ವ್ರತ, ಅವರು ಬಳಿಗೆ ಬಂದು ಬೇಡಿದ್ದು, ನಾನು ಏಳೆನೆಂದದ್ದು. ಅವರ ಆ ನೋಟ. ಕೆಂಚನಗುಡ್ಡದಲ್ಲಿ ಅವರಾಡಿದ ಮಾತನ್ನೂ ಮುಚ್ಚಿಡಲಿಲ್ಲ. ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, ನಡುವೆ ಒಮ್ಮೆಯೂ ಬಾಯಿ ಹಾಕದೆ ಕೇಳಿದರು.

"ನಿಮ್ಮ ಹೆಸರು ಒಂದಿನಾನೂ ತಗೀಲಿಲ್ಲ ನೋಡ್ರಿ," ಎಂದರು ಕೊನೆಗೆ. "ನನ್ನ ಮುಂದ ಸೈತ."

ಎದ್ದು ಒಳಗೆ ಹೋದರು. ನಾನು ಕಾದು ಕುಳಿತೆ. ಮಗ್ರಿಬ್‌ನ ಬಾಂಗು ಆಗಿ, ಗಲ್ಲಿಯ ಗಂಡಸರು ಮಸೀದಿಗೆ ಹೋಗಿ, ಮರಳಿಯೂ ಬಂದರು. ಆಕೆ ಹೊರಗೆ ಬರಲಿಲ್ಲ. ಆರಿದ ಹಾಲನ್ನು ಕುಡಿದು, ಲೋಟವನ್ನು ನಾನೇ ತೊಟ್ಟಿಯ ಬಳಿ ತೊಳೆದು ಹೊಸ್ತಿಲ ಮೇಲಿಟ್ಟು, ಕುರುಗೋಡಿನ ಬಸ್ಸಿಗೆ ನಡೆದೆ.